ಕಿಟಕಿ ಸೀಟಿನ ಭವಿಷ್ಯ

ನನ್ನ ಬಾಲ್ಯದ ಒಂದು ದೊಡ್ಡ ಪಾಲು ಬಸ್ಸಿನಲ್ಲಿ ನಿದ್ದೆ ಮಾಡುವುದರಲ್ಲೇ ಕಳೆಯಿತು. ಎಚ್ಚರವಿದ್ದಾಗ ಕಂಡದ್ದು ಯಾವುದು, ಅಪ್ಪನ ತೊಡೆಯ ಮೇಲೆ ತಲೆಯಿಟ್ಟು ಕಂಡ ಕನಸು ಯಾವುದು ಎಂದು ಬಿಡಿಸಿ ಹೇಳಲು ನನಗೆ ಈಗಲೂ ಬಾರದು. ಕೊಟ್ಟೂರು ದಾಟಿದ ಮೇಲೆ ರಸ್ತೆಯ ಎರಡೂ ಬದಿಯ ಹುಣಸೆ ಮರಗಳು ಮೇಲುಗಡೆ ಒಂದನ್ನೊಂದು ಮುಟ್ಟುತ್ತಿದ್ದವು. ಬಸ್ಸು ಅವುಗಳ ಕೆಳಗೆ ಓಡುವಾಗ ಮುಚ್ಚಿದ ರೆಪ್ಪೆಯ ಮೇಲೆ ಬಿಸಿಲು, ನೆರಳು, ಮತ್ತೆ ಬಿಸಿಲು. ಕೂಡ್ಲಿಗಿ ಬಂತೆಂದು ಶೇಂಗಾ ಹುರಿಯುವ ವಾಸನೆಯಿಂದ ತಿಳಿಯುತ್ತಿತ್ತು. ಹಡಗಲಿ ಬಂತೆಂದು ಮಲ್ಲಿಗೆಯಿಂದ ತಿಳಿಯುತ್ತಿತ್ತು. ಒದ್ದೆ ಬಟ್ಟೆ ಮುಚ್ಚಿದ ಹೂವಿನ ಬುಟ್ಟಿಗಳನ್ನು ಬಸ್ಸಿನ ನೆತ್ತಿಗೆ ಏರಿಸುವಾಗ ಇಡೀ ಬಸ್ಸೇ ತಲೆಗೆ ಮಿಂದು ಬಂದಂತೆ ಘಮ್ಮೆನ್ನುತ್ತಿತ್ತು. ಹರಪನಹಳ್ಳಿ ಹತ್ತಿರವಾದಂತೆ ಜನರ ಮಾತಿನ ಎಳೆಯೇ ಬದಲಾಗುತ್ತಿತ್ತು. ನಮ್ಮ ಕಡೆಯ 'ಐತಿ' ಅಲ್ಲಿ 'ಐತೆ' ಆಗಿ ಕಿವಿಗೆ ಬೀಳುತ್ತಿತ್ತು. ನಾನು ಕಣ್ಣು ಬಿಡದೆಯೇ ಊರೂರು ತಿರುಗಿದೆ.

ಈ ತಿರುಗಾಟಕ್ಕೆ ಕಾರಣ ಚುನಾವಣೆ. ಅಪ್ಪ ನಮ್ಮ ಸೀಮೆಯ ಚುನಾವಣಾ ಪಂಡಿತ. ಕೊಟ್ಟೂರಿಗೆ ಹತ್ತಿರದ ಸಣ್ಣ ಊರಿನಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ. ಹೆಸರಿಗೆ ಮಾಲೀಕ ಅಪ್ಪ, ಬೀಸುವವಳು ಅವ್ವ. ತೊಂಬತ್ತರ ದಶಕದಲ್ಲಿ ದಿಲ್ಲಿಯ ಸರ್ಕಾರಗಳು ಕಳಿತ ಬೋರೆಹಣ್ಣಿನಂತೆ ಉದುರುತ್ತಿದ್ದವು, ಹಾಗಾಗಿ ಅಪ್ಪನಿಗೆ ಕೈತುಂಬ ಕೆಲಸ. ಎಲೆಕ್ಷನ್ ಸುದ್ದಿ ಬಂದದ್ದೇ ತಡ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹೆಗಲಿಗೆ ಟವೆಲ್ಲು ಹಾಕಿ, ಶಾಲೆಗೆ ರಜೆ ಇದ್ದರೆ ನನ್ನನ್ನೂ ಎಬ್ಬಿಸಿಕೊಂಡು ಹೊರಡುತ್ತಿದ್ದ. ಕೊಟ್ಟೂರಿನಿಂದ ಕೂಡ್ಲಿಗಿ, ಅಲ್ಲಿಂದ ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ತಿರುಗಿ ಕೊಟ್ಟೂರು. ದಾರಿಯಲ್ಲಿ ಇಟ್ಟಿಗಿಯಲ್ಲಿ ಇಳಿದು ಸೋದರತ್ತೆಯ ಮನೆಯಲ್ಲಿ ಉಂಡು ಮುಂದಿನ ಬಸ್ಸು ಹಿಡಿಯುವುದೂ ಇತ್ತು.

ಅವನ ಪದ್ಧತಿ ಬಹಳ ಸರಳ. ಕಿಟಕಿ ಪಕ್ಕ ಕೂರಬೇಕು, ಬಾಯಿ ಮುಚ್ಚಿಕೊಂಡಿರಬೇಕು, ಕೇಳಬೇಕು.

"ಮಂದಿ ಮನ್ಯಾಗ ಒಂದು ಮಾತಾಡ್ತಾರ, ಕಟ್ಟಿ ಮ್ಯಾಲ ಒಂದು ಮಾತಾಡ್ತಾರ. ಬಸ್ಸಿನಾಗ ಮಾತ್ರ ಖರೇ ಮಾತಾಡ್ತಾರ. ಯಾಕ ಹೇಳು? ಇಳಿದ ಮ್ಯಾಲ ಯಾರೆಲ್ಲೋ, ನಾವೆಲ್ಲೋ" ಎಂದು ನನಗೆ ಪಾಠ ಹೇಳುತ್ತಿದ್ದ.

ಪಾಠ ಚೆನ್ನಾಗಿಯೇ ಇತ್ತು. ತೊಂದರೆಯೆಂದರೆ ಅಪ್ಪ ಯಾವಾಗಲೂ ಹತ್ತುತ್ತಿದ್ದದ್ದು ಪರಿಚಯದವರ ಬಸ್ಸುಗಳನ್ನೇ. ಸರ್ಕಾರಿ ಬಸ್ಸಿನ ಸೀಟು ಗಟ್ಟಿ ಎಂದು ನೆಪ. ಖಾಸಗಿ ಬಸ್ಸಿನ ಕಂಡಕ್ಟರುಗಳಿಗೆಲ್ಲ ಇವನ ಗುರುತು. ಅಪ್ಪ ಮೆಟ್ಟಿಲಿಗೆ ಕಾಲಿಡುವ ಮೊದಲೇ ಅವರು ಒಳಗೆ ಕೂಗು ಹಾಕುತ್ತಿದ್ದರು: "ಯಜಮಾನ್ರು ಗಾಳಿ ನೋಡಾಕ ಬಂದಾರ, ಕಿಟಕಿ ಬಿಡ್ರಿ!" ಗಾಳಿ ನೋಡುವುದು ಎಂದರೆ ಜನ ಯಾವ ಪಕ್ಷದ ಕಡೆ ವಾಲಿದ್ದಾರೆ ಎಂದು ತಿಳಿಯುವುದು. ಬಸ್ಸಿಗೆ ಬಸ್ಸೇ ತಿರುಗಿ ನೋಡುತ್ತಿತ್ತು. ಅಪ್ಪನಿಗೆ ಯಾವ ಪಕ್ಷ ಬೇಕು ಎಂಬುದು ಅವನ ಟವೆಲ್ಲಿನ ಅಂಚಿನ ಬಣ್ಣ ನೋಡಿದರೇ ಗೊತ್ತಾಗುವಂತಿತ್ತು. ಆಮೇಲೆ ಮುಂದಿನ ಸೀಟಿನವರು ಹಿಂದಿನ ಸೀಟಿನವರಿಗೆ, ಅಪ್ಪನಿಗೆ ಕೇಳುವಷ್ಟು ಜೋರಾಗಿ, ಅವನಿಗೆ ಬೇಕಾದ ಪಕ್ಷವೇ ಗೆಲ್ಲುತ್ತದೆ ಎಂದು ಹೇಳಲು ಶುರುಮಾಡುತ್ತಿದ್ದರು. ನಮ್ಮ ಕಡೆಯ ಜನ ಹಾಗೇ. ಹಿರಿಯರ ಮನಸ್ಸು ನೋಯಿಸಬಾರದು ಎನ್ನುವುದಕ್ಕೆ ಎಷ್ಟು ಸುಳ್ಳನ್ನಾದರೂ ಪ್ರೀತಿಯಿಂದ ಹೇಳುತ್ತಾರೆ. ಅಪ್ಪ ಕಿಟಕಿಯಾಚೆ ನೋಡುತ್ತ, ಕೇಳದವನಂತೆ ಕೇಳುತ್ತ, ಮೀಸೆಯೊಳಗೆ ನಗುತ್ತಿದ್ದ.

ಒಂದು ಮಧ್ಯಾಹ್ನ ನನಗೆ ಚೆನ್ನಾಗಿ ನೆನಪಿದೆ, ಅಥವಾ ಅಷ್ಟೇ ಚೆನ್ನಾಗಿ ಬಿದ್ದ ಕನಸು. ಹಗರಿಬೊಮ್ಮನಹಳ್ಳಿಯ ನಿಲ್ದಾಣದಲ್ಲಿ ಬಸ್ಸು ನಿಂತಿತ್ತು. ಅಪ್ಪ ಚಾ ಕುಡಿಯಲು ಇಳಿದಿದ್ದ. ನಾನು ಸೀಟಿನ ಮೇಲೆ ಮುದುಡಿಕೊಂಡಿದ್ದೆ. ಕಾದ ರೆಕ್ಸಿನ್ನಿನ ವಾಸನೆ, ಹೊರಗೆ ಪೇರಲಹಣ್ಣು ಮಾರುವವಳ ಉದ್ದನೆಯ ಕೂಗು. ಆಗ ಅದುವರೆಗೆ ಅಪ್ಪನ ಪಕ್ಷವನ್ನು ಹೊಗಳಿದ್ದ ಅದೇ ದನಿಗಳು ಮೆಲ್ಲಗೆ ನಗುತ್ತ ಮಾತಾಡಿದವು. "ಪಾಪ, ಯಜಮಾನ್ರು ಖುಷಿಯಾಗ್ಯಾರ ಬಿಡ್ರಿ. ಈ ಸಲ ಅವರದು ಎಲ್ಲಿ ಆಗತೈತಿ? ನಮ್ಮೂರು ಪೂರಾ ಆ ಕಡಿಗೆ ಹೊಂಟೈತಿ." ಅಪ್ಪ ಬಾಯಿ ಒರೆಸಿಕೊಳ್ಳುತ್ತ ಹತ್ತಿದ ಕೂಡಲೇ ದನಿಗಳೆಲ್ಲ ಮತ್ತೆ ಮೊದಲಿನಂತಾದವು.

ಮನೆಗೆ ಬಂದ ಮೇಲೆ ಇದನ್ನು ಅಪ್ಪನಿಗೆ ಹೇಳಿದೆ. ಅವನು ನನ್ನ ತಲೆ ಸವರಿ, "ನಿದ್ದಿಗಣ್ಣಾಗ ಇದ್ದಿ, ಕನಸು ಬಿದ್ದಿರಬೇಕು" ಎಂದ. ಎಷ್ಟು ಅಕ್ಕರೆಯಿಂದ ಹೇಳಿದನೆಂದರೆ, ನಾನೂ ನಂಬಿದೆ. ಆ ಚುನಾವಣೆಯಲ್ಲಿ ಅಪ್ಪನ ಪಕ್ಷ ಮಣ್ಣು ಮುಕ್ಕಿತು. ಅಪ್ಪ ಗಿರಣಿಯ ಕಟ್ಟೆಯ ಮೇಲೆ ಕೂತು, ಗಾಳಿ ಕೊನೆಯ ಗಳಿಗೆಯಲ್ಲಿ ತಿರುಗಿತು, ಅದು ತಿರುಗುವ ತನಕ ತನ್ನ ಲೆಕ್ಕ ಸರಿಯಾಗಿಯೇ ಇತ್ತು ಎಂದು ವಿವರಿಸಿದ. ಕೆಳಗೆ ಬಿದ್ದರೂ ಮೀಸೆಗೆ ಮಣ್ಣು ಹತ್ತಲಿಲ್ಲ. ವಿಚಿತ್ರವೆಂದರೆ ಕೇಳುವವರು ತಲೆಯಾಡಿಸುತ್ತಿದ್ದರು. ಊರಿಗೊಬ್ಬ ಪಂಡಿತ ಬೇಕಾಗಿತ್ತು, ಅವನು ಸರಿಯೋ ತಪ್ಪೋ ಎಂದು ಗುರುತಿಟ್ಟುಕೊಳ್ಳುವ ಚಾಳಿ ಊರಿಗಿರಲಿಲ್ಲ. ಸರಿಯಾದದ್ದು ಮಾತ್ರ ನೆನಪಿನಲ್ಲಿ ಉಳಿಯುತ್ತಿತ್ತು.

ಮತ ಎಣಿಕೆಯ ದಿನ ನಮ್ಮ ಮನೆಯ ಕಪ್ಪುಬಿಳುಪು ಟೀವಿಯ ಮುಂದೆ ಓಣಿಯೇ ಸೇರುತ್ತಿತ್ತು. ಎಣಿಕೆ ಮುಗಿಯಲು ದಿನಗಳೇ ಹಿಡಿಯುತ್ತಿದ್ದ ಕಾಲ ಅದು. ನಡುನಡುವೆ ಸಿನಿಮಾ ಹಾಕುತ್ತಿದ್ದರು, ನಾಯಕಿ ಮರದ ಸುತ್ತ ಓಡುತ್ತಿರುವಾಗಲೇ ಕೆಳಗೆ ಸೀಟುಗಳ ಸಂಖ್ಯೆ ಹರಿಯುತ್ತಿತ್ತು. ಕನ್ನಡಕದ ಪಂಡಿತರು ಮೇಜಿನ ಹಿಂದೆ ಕೂತು ವಾದಿಸುವುದನ್ನು ನೋಡಿ ಅಪ್ಪನಿಗೆ ನಿಜವಾದ ಸಿಟ್ಟು ಬರುತ್ತಿತ್ತು. "ಇವರು ಯಾವ ಬಸ್ಸು ಹತ್ತ್ಯಾರ?" ಎಂದು ಟೀವಿಯನ್ನೇ ಕೇಳುತ್ತಿದ್ದ. ಅವ್ವ ಅಡುಗೆಮನೆಯಿಂದಲೇ ನನ್ನ ಕಡೆ ನೋಡಿ, "ನಿಮ್ಮಪ್ಪ ಹಿಡಿದ ಮೊಲಕ್ಕ ಯಾವತ್ತಿದ್ರೂ ಮೂರ ಕಾಲು" ಎಂದು ನಗುತ್ತಿದ್ದಳು. ಆಗ ಅದು ನಗುವ ವಿಷಯವಾಗಿತ್ತು.

ನಾನು ಕೊಟ್ಟೂರಿನಲ್ಲಿ ಕಾಲೇಜು ಓದುತ್ತಿದ್ದಾಗ ಗ್ರಾಮ ಪಂಚಾಯಿತಿಯ ಚುನಾವಣೆ ಬಂತು. ನಮ್ಮ ಓಣಿಯ ಸೀಟು ಮಹಿಳೆಗೆ ಮೀಸಲಾಯಿತು. ಯಾರೂ ಇನ್ನೂ ನಾಮಪತ್ರದ ಮಾತೇ ಎತ್ತಿರಲಿಲ್ಲ, ಅಷ್ಟರಲ್ಲೇ ಅಪ್ಪ ಕಟ್ಟೆಯ ಮೇಲೆ ತೀರ್ಪು ಕೊಟ್ಟುಬಿಟ್ಟ. ಊರಿನ ದೊಡ್ಡ ಮನೆತನದ ಸೊಸೆ ನಿಲ್ಲುತ್ತಾಳೆ, ಅವಳೇ ಗೆಲ್ಲುತ್ತಾಳೆ, ಎದುರಿಗೆ ನಿಲ್ಲಲು ಹುಚ್ಚರೇ ಬೇಕು ಎಂದ. ಆ ಹುಚ್ಚರು ತನ್ನ ಮನೆಯಲ್ಲೇ ಸಿಗುತ್ತಾರೆಂದು ಅವನಿಗೆ ಗೊತ್ತಿರಲಿಲ್ಲ.

ಓಣಿಯ ಹಿಂದೆ ಜಾಲಿ ಪೊದೆಗಳ ನಡುವೆ ಒಂದು ಕಾಲುದಾರಿ ಇತ್ತು. ಹೆಂಗಸರು ಹೊತ್ತು ಮುಳುಗಿದ ಮೇಲೆ ಬಯಲಿಗೆ ಹೋಗುವ ದಾರಿ ಅದು. ಅಲ್ಲಿ ಒಂದೂ ದೀಪವಿರಲಿಲ್ಲ. ಎದುರು ಮನೆಯಲ್ಲಿ ಅವ್ವನ ಗೆಳತಿಯೊಬ್ಬಳಿದ್ದಳು, ಅವ್ವನಿಗೆ ತಂಗಿಗಿಂತ ಹೆಚ್ಚು. ಅವಳು ಅಲ್ಲೇ ಚೇಳು ಕುಟುಕಿ ಸಾಯುವ ಹಾಗಾಗಿದ್ದಳು. ಅವಳು ಎದ್ದು ಓಡಾಡುವಂತಾದ ಮೇಲೆ ಓಣಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಗಿರಣಿಗೆ ಬಂದಳು. "ಗಂಡಸರಿಗೆ ಆ ದಾರಿ ಗೊತ್ತಿಲ್ಲ. ದೊಡ್ಡ ಮನಿ ಸೊಸಿಗಿ ಮನಿ ಒಳಗ ಎಲ್ಲಾ ಐತಿ, ಆಕಿಗೂ ಗೊತ್ತಿಲ್ಲ. ನೀನ ನಿಂದ್ರಬೇಕವ್ವಾ" ಎಂದಳು.

ಅವ್ವ ಮೊದಲು ನಕ್ಕಳು. ಆಮೇಲೆ ಜರಡಿ ಹಿಡಿದ ಕೈ ನಿಂತಿತು. ಅವಳ ಹುಬ್ಬು, ರೆಪ್ಪೆ, ಮೂಗಿನ ತುದಿಗೆಲ್ಲ ಹಿಟ್ಟು ಕೂತು, ಕಣ್ಣುಗಳು ಮಾತ್ರ ಕಪ್ಪಗೆ ಹೊಳೆಯುತ್ತಿದ್ದವು. ಆ ಮುಖವನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಅವಳಿಗೆ ಗೆಲ್ಲುವ ಆಸೆ ಹುಟ್ಟಿತ್ತು.

ಅಪ್ಪ ಅಡ್ಡ ಬಂದ ಎಂದರೆ ನನ್ನ ನಾಲಿಗೆ ಬಿದ್ದುಹೋದೀತು. ಅವನೇ ಕರೆದುಕೊಂಡು ಹೋಗಿ ನಾಮಪತ್ರ ಹಾಕಿಸಿದ. ಹೊಸ ಸೀರೆ ತಂದ. ಚುನಾವಣೆಯ ಚಿಹ್ನೆಯಾಗಿ ಹೊಲಿಗೆ ಯಂತ್ರ ಸಿಕ್ಕಾಗ, "ಬೀಸಾಕಿಗಿ ಹೊಲಿಯೋ ಮಿಷನ್ ಕೊಟ್ಟಾರ" ಎಂದು ಊರೆಲ್ಲ ಹೇಳಿ ನಗಿಸಿದ. ಕೆಟ್ಟ ಗಂಡನಾಗಿದ್ದರೆ ಅವನ ಮೇಲೆ ಸಿಟ್ಟು ಮಾಡಿಕೊಂಡು ಹಗುರಾಗಬಹುದಿತ್ತು. ಆದರೆ ಒಂದು ಬೆಳಿಗ್ಗೆ ಬಿಳಿ ಅಂಗಿ ತೊಟ್ಟು ಹೊರಟ. ಎಲ್ಲಿಗೆ ಎಂದರೆ, ಗಾಳಿ ನೋಡಲು. ಮನೆಯ ಮುಂದಿನ ಓಣಿಯ ಗಾಳಿ ನೋಡಲು ಬಸ್ಸು ಹತ್ತಿ ಕೊಟ್ಟೂರಿಗೆ ಹೋದ! ಸಂಜೆ ಅದೇ ಬಸ್ಸಿನಲ್ಲಿ ತಿರುಗಿ ಬಂದವನ ಮುಖ ಗಂಭೀರವಾಗಿತ್ತು. ಬಸ್ಸಿನವರೆಲ್ಲ ದೊಡ್ಡ ಮನೆಯ ಸೊಸೆಯದೇ ಎನ್ನುತ್ತಿದ್ದರಂತೆ. ಅವರು ಹಾಗೆನ್ನದೆ ಇನ್ನೇನು? ಕಟ್ಟೆಯ ಮೇಲೆ ಅಪ್ಪ ಹೇಳಿದ್ದನ್ನೇ ಅವರು ಅಪ್ಪನಿಗೆ ಒಪ್ಪಿಸಿದ್ದರು. ತಾನಾಡಿದ ಮಾತು ಬೇರೆಯವರ ಬಾಯಿಂದ ತಿರುಗಿ ಬಂದಾಗ ಅಪ್ಪ ಅದನ್ನು ಜನಾಭಿಪ್ರಾಯ ಎಂದು ಕರೆದ.

ಆ ವಾರ ಅವ್ವನ ಜೊತೆ ಮನೆಮನೆ ಸುತ್ತಿದ ಮಧ್ಯಾಹ್ನಗಳು ನನ್ನ ಪಾಲಿಗೆ ಹಬ್ಬದ ಹಾಗಿದ್ದವು. ಅಂಗಳಗಳಲ್ಲಿ ಬಿತ್ತನೆಗೆಂದು ಶೇಂಗಾ ಸುಲಿಯುತ್ತ ಕೂತ ಹೆಂಗಸರು ಸಿಪ್ಪೆಯ ರಾಶಿಯ ನಡುವೆ ಜಾಗ ಮಾಡಿಕೊಡುತ್ತಿದ್ದರು. ಮಜ್ಜಿಗೆ ಬರುತ್ತಿತ್ತು, ಕುಂಕುಮ ಬರುತ್ತಿತ್ತು. ದೂರದಲ್ಲಿ ಗುಡ್ಡಗಳು ಬಿಸಿಲಿಗೆ ಕರಗಿ ನೀಲಿಯಾಗಿ ತೇಲುತ್ತಿದ್ದವು. ಹೊತ್ತು ನಿಂತೇಬಿಟ್ಟಿದೆ, ಅವ್ವ ಗೆದ್ದೇಬಿಟ್ಟಿದ್ದಾಳೆ ಅನ್ನಿಸುತ್ತಿತ್ತು. ಆದರೆ ಎಲ್ಲ ಮನೆಗಳಲ್ಲೂ ಕೊನೆಗೆ ಒಂದು ಪ್ರಶ್ನೆ ಬರುತ್ತಿತ್ತು: "ಯಜಮಾನ್ರು ಏನಂತಾರವ್ವಾ?"

ಈ ಪ್ರಶ್ನೆಯ ಭಾರ ಹೊರಗಿನವರಿಗೆ ತಿಳಿಯದು. ನಮ್ಮೂರಿನಲ್ಲಿ ಸೋಲುವವರಿಗೆ ಓಟು ಹಾಕುವುದು ತಪ್ಪು. ಬರೀ ದಡ್ಡತನವಲ್ಲ, ತಪ್ಪು. ಒಬ್ಬ ಅಜ್ಜಿ ಸುಲಿದ ಕಾಳನ್ನು ಅಂಗೈಯಲ್ಲಿ ಹಿಡಿದು ನನಗೆ ತಿಳಿಸಿ ಹೇಳಿದ್ದಳು, "ಸೋಲೋರಿಗಿ ಓಟು ಒತ್ತೋದಂದ್ರ ಬಿತ್ತೋ ಬೀಜ ಹುರಿದಂಗವ್ವಾ. ದೇವರು ಕೊಟ್ಟಿದ್ದು ಹಾಳು ಮಾಡಬಾರದು." ಅದಕ್ಕೇ ಜನ ಓಟು ಹಾಕುವ ಮೊದಲು ಅಪ್ಪನ ಹತ್ತಿರ ಬರುತ್ತಿದ್ದರು. ಯಾರಿಗೆ ಹಾಕಬೇಕು ಎಂದು ಕೇಳುತ್ತಿರಲಿಲ್ಲ, ಯಾರು ಗೆಲ್ಲುತ್ತಾರೆ ಎಂದು ಕೇಳುತ್ತಿದ್ದರು.

ಮತದಾನ ಹತ್ತಿರ ಬಂದ ಒಂದು ಸಂಜೆ ಗಿರಣಿಯ ಕೆಲಸ ಮುಗಿದಿತ್ತು. ಅಪ್ಪ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದ. ಒಳಗೆ ಹಿಟ್ಟಿನ ದೂಳು ಕೊನೆಯ ಬಿಸಿಲಿನಲ್ಲಿ ಮಂಜಿನಂತೆ ಇಳಿಯುತ್ತಿತ್ತು. ಅವ್ವ ಯಂತ್ರ ಒರೆಸುತ್ತ, ಅವನ ಕಡೆ ನೋಡದೆ, "ನಿಮ್ಮನ್ನ ಒಂದು ಮಾತು ಕೇಳ್ತೀನ್ರಿ" ಎಂದಳು.

"ಕೇಳು."

"ಕಟ್ಟಿ ಮ್ಯಾಲ ಕುಂತಾಗ ಯಾರಾದ್ರೂ ಕೇಳಿದ್ರ, ನಮ್ಮಾಕಿ ಗೆಲ್ತಾಳ ಅನ್ರಿ. ಅಷ್ಟ ಸಾಕು. ಒಂದ ಮಾತು."

ಅಪ್ಪ ನಕ್ಕ. ಅವಳು ನಗದಿದ್ದುದನ್ನು ನೋಡಿ ನಗು ನಿಲ್ಲಿಸಿದ. "ಇಷ್ಟು ವರ್ಷ ಒಂದು ಹೆಸರು ಮಾಡೀನಿ. ಈಗ ಸುಳ್ಳು ಹೇಳಂದ್ರ ಹೆಂಗ ಹೇಳ್ಲಿ?"

"ಸುಳ್ಳು ಅಂತ ನಿಮಗ ಹೆಂಗ ಗೊತ್ತು?"

"ಗಾಳಿ ನೋಡೀನಲ್ಲ."

"ಈ ಗಿರಣಿಗೆ ಬರೋರನ್ನ ಒಮ್ಮಿ ಕೇಳಿ ನೋಡ್ರಿ. ಓಣಿಗೆ ಓಣೀನ ನನಗ ಹಾಕ್ತೀವಿ ಅಂತಾರ."

ಅಪ್ಪ ಅವಳನ್ನು ನಿಜವಾದ ಕನಿಕರದಿಂದ ನೋಡಿದ. "ಹುಚ್ಚಿ, ನಿನ್ನ ಮುಂದ ನಿನಗ ಬೇಕಾದ್ದ ಹೇಳ್ತಾರ. ಮಂದಿ ಹಂಗ. ನೀನು ನಂಬಿಬಿಡ್ತಿ."

ನನಗೆ ಮೈಯೆಲ್ಲ ಉರಿಯಿತು. ಬೆನ್ನಿಗಂಟಿದ ಹೊಲಸು ಬೇರೆಯವರದ್ದಾದರೆ ಎಷ್ಟು ಸ್ಪಷ್ಟವಾಗಿ ಕಾಣುತ್ತದೆ! "ಅಪ್ಪಾ, ಬಸ್ಸಿನಾಗ ನಿನಗೂ ಹಂಗ ಮಾಡ್ತಾರಲ್ಲ. ನಾನು ಸಣ್ಣಾಕಿದ್ದಾಗ ಹೇಳಿದ್ದೆ" ಎಂದು ಚೀರಿದೆ. ಅವನು ಸಿಟ್ಟಾಗಲಿಲ್ಲ. "ಇನ್ನೂ ಅದ ಕನಸು ಹಿಡ್ಕೊಂಡು ಕುಂತೀ ಏನು?" ಎಂದು ಟವೆಲ್ಲು ಕೊಡವಿ ಎದ್ದು ಹೋದ. ಅವ್ವ ಒರೆಸಿದ ಜಾಗವನ್ನೇ ಮತ್ತೆ ಒರೆಸುತ್ತ ನಿಂತಳು. ಗೆಲುವಿಗಿಂತ ಆ ಒಂದು ಮಾತು ಅವಳಿಗೆ ಹೆಚ್ಚು ಬೇಕಾಗಿತ್ತೇನೋ ಎಂದು ನನಗೆ ಅನ್ನಿಸಿತು.

ಮರುದಿನ ಕಟ್ಟೆ ತುಂಬಿತ್ತು. ನೀಲಗುಂದದ ಕಡೆಯಿಂದ ಮಗಳ ಮನೆಗೆ ಬಂದಿದ್ದ ಒಬ್ಬ ಮುದುಕ ಎಲ್ಲರೂ ಕೇಳಲು ಹಿಂಜರಿದದ್ದನ್ನು ಕೇಳಿಯೇಬಿಟ್ಟ: "ಅಲ್ರಿ ಯಜಮಾನ್ರ, ನಿಮ್ಮ ಮನಿಯವರು ಗೆಲ್ತಾರೇನ್ರಿ?" ಗಿರಣಿ ಓಡುತ್ತಿತ್ತು. ನಾನು ಬಾಗಿಲಲ್ಲಿದ್ದೆ. ಅಪ್ಪ ಹೆಗಲ ಟವೆಲ್ಲು ತೆಗೆದು ಮುಖ ಒರೆಸಿಕೊಂಡ. ಅಷ್ಟು ಹೊತ್ತಿನಲ್ಲಿ ನಾನು ಎಲ್ಲ ದೇವರನ್ನೂ ನೆನೆದೆ.

"ನನ್ನ ಹೆಂಡತಿ ಅಂತ ಸುಳ್ಳು ಹೇಳಂಗಿಲ್ಲ. ಆಗಂಗಿಲ್ಲ. ದೊಡ್ಡ ಮನಿಯವರದ ಆಗತೈತಿ."

ಕಟ್ಟೆಯ ಮೇಲೆ ಒಂದು ಉಸಿರು ಎದ್ದಿತು. "ಎಂಥಾ ಮನಷ್ಯಾರಿ!" ಎಂದು ಯಾರೋ ಅಂದರು. "ಖರೇ ಅಂದ್ರ ಖರೇ ನೋಡು." ಅಪ್ಪನಿಗೆ ಅಷ್ಟು ಗೌರವ ಹಿಂದೆಂದೂ ಸಿಕ್ಕಿರಲಿಲ್ಲ. ಅವನ ಕಣ್ಣು ಒದ್ದೆಯಾದದ್ದನ್ನು ನಾನು ಕಂಡೆ. ತಾನು ದೊಡ್ಡ ತ್ಯಾಗ ಮಾಡಿದೆ ಎಂದು ಅವನು ಮನಸಾರೆ ನಂಬಿದ್ದ. ಒಳಗೆ ತಿರುಗಿ ನೋಡಿದರೆ ಅವ್ವ ಹಿಟ್ಟು ಬೀಳುವ ಚೀಲದ ಬಾಯಿ ಹಿಡಿದು, ತಲೆ ಬಗ್ಗಿಸಿ ನಿಂತಿದ್ದಳು. ಚೀಲ ತುಂಬಿ ಹಿಟ್ಟು ನೆಲಕ್ಕೆ ಚೆಲ್ಲುತ್ತಿದ್ದರೂ ಅವಳ ಗಮನಕ್ಕೆ ಬರಲಿಲ್ಲ.

ಅವ್ವ ಸೋತಳು. ಕೂಡ್ಲಿಗಿಯಲ್ಲಿ ಎಣಿಕೆ ಮುಗಿಸಿಕೊಂಡು ಟೆಂಪೋದಲ್ಲಿ ಬರುವಾಗ ಅಪ್ಪ ಅವಳ ಪಕ್ಕ ಕೂತು, ಸಮಾಧಾನ ಹೇಳುವ ದನಿಯಲ್ಲಿ, "ಬ್ಯಾಸರ ಮಾಡ್ಕೋಬ್ಯಾಡ. ಮೊದಲ ಹೇಳಿದ್ನಲ್ಲ" ಎಂದ. ಅವ್ವ ಹೊರಗೆ ನೋಡುತ್ತಿದ್ದಳು. ಶೇಂಗಾ ಹೊಲಗಳು, ಬೋಳು ಬಂಡೆಗಳು, ಕುರಿಗಳ ಹಿಂದೆ ಏಳುವ ಕೆಂಪು ದೂಳು, ಎಲ್ಲವೂ ನಿಧಾನವಾಗಿ ಹಿಂದೆ ಸರಿಯುತ್ತಿದ್ದವು. ಇದೂ ಬಸ್ಸಿನ ಕನಸಾಗಿದ್ದರೆ, ಯಾರಾದರೂ ಕೊಟ್ಟೂರು ಬಂತು ಏಳು ಎಂದು ಭುಜ ಅಲುಗಿಸಿದರೆ ಎಂದು ನಾನು ಬಯಸಿದೆ.

ಆಮೇಲೆ ವರ್ಷಗಟ್ಟಲೆ ಅಪ್ಪ ಈ ಕಥೆ ಹೇಳಿದ್ದಾನೆ. ಮೊಬೈಲು ಬಂದು, ದಿನವಿಡೀ ವಾದಿಸುವ ಸುದ್ದಿ ಚಾನಲ್ಲುಗಳು ಬಂದು, ಪಂಡಿತರು ಬೀದಿಗೊಬ್ಬರಾದ ಕಾಲದಲ್ಲೂ ಹೇಳಿದ. "ಹೆಂಡತಿ ನಿಂತಾಗಲೂ ನಾನು ಗಾಳಿ ತಪ್ಪು ಹೇಳಲಿಲ್ಲ." ಕೇಳಿದವರೆಲ್ಲ ಮೆಚ್ಚಿದ್ದಾರೆ. ಆದರೆ ಅವನು ಹೇಳದೆ ಬಿಡುವ ಒಂದು ಭಾಗವಿದೆ. ಮುಚ್ಚಿಡುತ್ತಾನೆ ಎಂದಲ್ಲ. ಅದು ಕಥೆಗೆ ಸೇರಿದ್ದು ಎಂದು ಅವನಿಗೆ ಅನ್ನಿಸಿಯೇ ಇಲ್ಲ.

ಎಣಿಕೆ ಮುಗಿದ ಕೆಲವು ದಿನಗಳಿಗೆ ಎದುರು ಮನೆಯ ಗೆಳತಿ ಜೋಳದ ಡಬ್ಬಿ ಹೊತ್ತು ಗಿರಣಿಗೆ ಬಂದಳು. ಅಷ್ಟು ದಿನ ಅವಳು ಮುಖ ತೋರಿಸಿರಲಿಲ್ಲ. ಡಬ್ಬಿ ಇಳಿಸಿದವಳೇ ಅವ್ವನ ಕೈ ಹಿಡಿದು ಅತ್ತಳು. ಗಿರಣಿಯ ಸದ್ದಿಗೆ ಅಳುವನ್ನೂ ಕೂಗಿಯೇ ಅಳಬೇಕಾಯಿತು.

"ನಿನ್ನ ನಿಲ್ಸಿದಾಕಿ ನಾನು, ನಾನ ನಿನಗ ಒತ್ತಲಿಲ್ಲವ್ವಾ. ನಿನ್ನ ಗಂಡನ ಬಾಯಾಗಿಂದನ ಬಂತು, ಆಗಂಗಿಲ್ಲ ಅಂತ. ಇನ್ನ ಓಟು ಯಾಕ ಹಾಳು ಮಾಡೋದು ಅಂತ ದೊಡ್ಡ ಮನಿಗೆ ಒತ್ತಿ ಬಂದ್ವಿ. ನಾನೊಬ್ಬಾಕಿ ಅಲ್ಲ, ಓಣ್ಯಾಗಿನ ಎಲ್ಲಾರೂ."

ಅಪ್ಪ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವನ ಮುಖ ಅರಳಿತು. "ನೋಡಿದ್ಯಾ! ಗಾಳಿ ಹಂಗ ಐತಿ ಅಂತ ನಾನು ಹೇಳಲಿಲ್ಲೇನು?"

ಅವ್ವ ಕೈ ಚಾಚಿ ಗಿರಣಿ ನಿಲ್ಲಿಸಿದಳು. ಬೆಲ್ಟು ಸುತ್ತಿ ಸುತ್ತಿ ನಿಂತಿತು. ಕಿವಿ ಗುಂಯ್‌ಗುಡುವಷ್ಟು ಮೌನವಾಯಿತು.

"ಊರು ನಿಮ್ಮ ಮಾತು ನಂಬತೈತಿ ಅಂತ ನನಗ ಗೊತ್ತಿತ್ರಿ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಅದಕ್ಕ ಆ ಸಂಜಿ ನಿಮ್ಮ ಹತ್ರ ಒಂದು ಮಾತು ಕೇಳಿದ್ದು."

ಅಪ್ಪ ಅವಳನ್ನು ನೋಡಿದ, ನನ್ನನ್ನು ನೋಡಿದ.

"ಯಾವ ಮಾತು?" ಎಂದ.